ಬೆರಳು ನಿಂತಲ್ಲಿ ಸಾಲು ಮುರಿ

ಇಲ್ಲ. ಆಗಲ್ಲ ಅಂದ್ರೆ ಆಗಲ್ಲ. ಮೊದಲು ಹೇಗಿತ್ತೋ ಹಾಗೇ ಮಾಡು... ಏನು? ಅಚ್ಚುಕಟ್ಟಾ? ಇದಾ ಅಚ್ಚುಕಟ್ಟು? ನೋಡಿಲ್ಲಿ ಮಗಳೇ, ಇದು ನಿಮ್ಮಮ್ಮ ಹೊಲಿಗೆ ಕಲಿಸೋಕೆ ಬರೆದ ಪುಸ್ತಕ. ಅವಳು ಹೋದಳು ಅಂತ ಇದನ್ನೂ ಹೀಗೆ ಮಾಡಿ ಕಳಿಸ್ತೀಯಾ? ಇದು ಫೋನಲ್ಲಿ ಓದೋದು. ಓದೋಳ ಒಂದು ಕೈಲಿ ಬಟ್ಟೆ, ಇನ್ನೊಂದು ಕೈಲಿ ಕತ್ತರಿ. ಫೋನು ಮೆಷಿನ್ನಿಗೆ ಒರಗಿಸಿಟ್ಟಿರ್ತಾಳೆ. ಇಷ್ಟು ಸಣ್ಣ ಅಕ್ಷರ... ಇರುವೆ ಸಾಲು! ಇದನ್ನ ಓದೋಕೆ ಹೋದ್ರೆ ಬಟ್ಟೆ ಬಿಟ್ಟು ಬೆರಳು ಕತ್ತರಿಸ್ಕೋತಾಳೆ.

ಯಾಕೆ ನಗ್ತೀಯ? ನಗು, ನಗು.

ಈ ಕೆಂಪು ಚೌಕ ಎಲ್ಲ ಯಾಕೆ? ...ಚೆಂದಕ್ಕೆ. ಚೆಂದಕ್ಕಂತೆ! ಲಾರಿ ಓಡಿಸಿದೋನು ನಾನು. ಕೆಂಪು ಕಂಡ್ರೆ ಕಾಲು ಬ್ರೇಕಿಗೆ ಹೋಗುತ್ತೆ. ಪುಟಕ್ಕೊಂದು ಬ್ರೇಕ್ ಹಾಕ್ಕೊಂಡು ಊರು ಸೇರೋದು ಯಾವಾಗ? ಸೂಜಿ ಜೋಪಾನ ಅನ್ನೋ ಕಡೆ ಒಂದು ಇಟ್ಕೋ. ಉಳಿದದ್ದು ತೆಗಿ.

ಹಾಂ? ಒತ್ತಿ ನೋಡ್ಲಾ? ...ಅರೆ! ತೋಳು ಅನ್ನೋದನ್ನ ಒತ್ತಿದ್ರೆ ತೋಳಿನ ಪಾಠಕ್ಕೇ ಹೋಯ್ತಲ್ಲ! ...ಇದು ಇರಲಿ. ಇದು ನಿಮ್ಮಮ್ಮನಿಗೆ ತೋಚಿರಲಿಲ್ಲ. ಹಲ್ಲು ಕಿರಿಬೇಡ. ಒಂದಕ್ಕೆ ಒಪ್ಕೊಂಡೆ, ಅಷ್ಟೇ.

ಆದ್ರೆ ಖಾಲಿ ಜಾಗ ಎಲ್ಲ ಯಾಕೆ ಮುಚ್ಚಿದೆ? ...ದಂಡಾನಾ? ಯಾರು ಹೇಳಿದ್ದು, ನಿಮ್ಮ ಆಫೀಸಿನೋರಾ? ಹೇಳ್ಕೊಳ್ಳಲಿ. ನೀನು ಕೂತ್ಕೋ.

ಒಂದೊಂದು ಪಾಠ ಬರೆದಾಗ್ಲೂ ನಿಮ್ಮಮ್ಮ ನನ್ನ ಕರೀತಿದ್ಲು. "ಬನ್ನಿ ಇಲ್ಲಿ, ಓದಿ." ನನಗೆ ಬರೋದು ಊರ ಹೆಸರಿನ ಬೋರ್ಡು, ತಿರುವಿನ ಬೋರ್ಡು. ಆದ್ರೂ ಬಿಡ್ತಿರಲಿಲ್ಲ. "ನೀವು ಓದಿದ್ರೆ ಊರೇ ಓದುತ್ತೆ" ಅನ್ನೋಳು. ಅದು ಹೊಗಳಿಕೆ ಅಲ್ಲ, ನನಗೂ ಗೊತ್ತು! ನಾನು ಬೆರಳಿಟ್ಕೊಂಡು ಓದೋದು. ಬೆರಳು ನಿಂತ ಕಡೆ ಸಾಲು ಮುರಿಯೋಳು. ಉಸಿರೆಳ್ಕೊಂಡ ಕಡೆ ಜಾಗ ಬಿಡೋಳು. ಮತ್ತೆ ಮತ್ತೆ ಎಡವಿದ ಮಾತನ್ನ ಕಿತ್ತೇ ಹಾಕೋಳು. ನೀನು ಮುಚ್ಚಿದ್ದು ಖಾಲಿ ಜಾಗ ಅಲ್ಲ ಮಗಳೇ... ಅಲ್ಲೆಲ್ಲ ನಾವಿಬ್ರು ಕೂತಿದ್ವಿ.

ಅಳಬೇಡ. ಅಳು ಅಂತ ಹೇಳಿದ್ದಲ್ಲ. ಜಾಗ ಬಿಡು ಅಂತ ಹೇಳಿದ್ದು.

ಹೂಂ. ಹಾಗೆ. ಇನ್ನೊಂಚೂರು. ಅಕ್ಷರ ದೊಡ್ಡದು ಮಾಡು... ಈಗ ಸರಿ. ಈಗ ಅವಳ ಪುಸ್ತಕ. ಕಳಿಸಿಬಿಡು. ಅವಳ ಹತ್ರ ಹೊಲಿಗೆ ಕಲಿಯೋರು ಬೆಳಿಗ್ಗೆಯಿಂದ ಫೋನ್ ಮಾಡಿ ಪ್ರಾಣ ತಿಂತಿದಾರೆ.

ಕೊನೇ ಪಾಠನಾ? ಅದನ್ನ ಮುಟ್ಟಬೇಡ. ಹೇಗಿದೆಯೋ ಹಾಗೇ ಹೋಗಲಿ.

ಒತ್ತೊತ್ತಾಗಿದ್ರೆ ಇರಲಿ! ಜಾಗ ಇಲ್ದಿದ್ರೆ ಏನೀಗ? ಕೊನೆಗೆ ಬರೋ ಹೊತ್ತಿಗೆ ಓದೋರಿಗೂ ಅಭ್ಯಾಸ ಆಗಿರುತ್ತೆ... ಓದಿದೀನಿ ಅಂದ್ನಲ್ಲ! ಎಷ್ಟು ಸಲ ಹೇಳಲಿ? ಅವಳು ಆಸ್ಪತ್ರೆಯಲ್ಲಿ ಬರೆದಿದ್ದು. ಪಕ್ಕದಲ್ಲೇ ಕೂತು ಓದಿದೆ. ಎಲ್ಲೂ ಎಡವಲಿಲ್ಲ. ಅದಕ್ಕೇ ಅವಳು ಸಾಲು ಮುರೀಲಿಲ್ಲ. ಆಯ್ತಾ?

ಅದರಲ್ಲಿ ಏನಿದೆ ಅಂದ್ರೆ? ಅಪ್ಪನಿಗೇ ಪರೀಕ್ಷೆನಾ? ...ಕಾಲರ್. ಕಾಲರ್ ಕೂರಿಸೋದು.

ಯಾಕೆ ತಲೆ ಅಲ್ಲಾಡಿಸ್ತೀಯ?

...ಕಾಲರ್ ಅಲ್ವಾ?

ಹಾಗೆ ನೋಡಬೇಡ. ಥೇಟ್ ನಿಮ್ಮಮ್ಮನ ಹಾಗೆ ನೋಡ್ತೀಯಲ್ಲ...

ಆಯ್ತು. ಓದಿಲ್ಲ. ಅದನ್ನ ಓದೋಕೆ ಅವಳು ಕರೀಲೇ ಇಲ್ಲ. ಕರೆಯೋ ಮುಂಚೆ ಹೋಗಿಬಿಟ್ಲು. ಅವಳದು ಓದೋಕೆ ಇನ್ನೂ ಒಂದು ಬಾಕಿ ಇರಲಿ ಅಂತ... ಇಟ್ಕೊಂಡಿದ್ದೆ. ತಪ್ಪಾ?

ಫೋನು ನನ್ನ ಕಡೆ ತಿರುಗಿಸ್ತೀಯಾ? ಈಗ ಓದು ಅಂತಾನಾ... ಅವಳ ಮಗಳೇ ನೀನು.

ಕನ್ನಡಕ ಕೊಡು. ಹತ್ತಿರ ಬಾ. ನನ್ನ ಮುಖ ನೋಡಬೇಡ, ಬೆರಳು ನೋಡು. ನಾಲಿಗೆ ತೊಡರಿದ ಕಡೆ ಸಾಲು ಮುರಿ. ಗಂಟಲು ಕಟ್ಟಿದ ಕಡೆ ಬೇಡ. ಅದು ಅಕ್ಷರದ ತಪ್ಪಲ್ಲ.

ಗುಂಡಿ... ಹೊಲಿಯುವ... ಮೊದಲು...

ಇಲ್ಲಿ. ಇಲ್ಲಿ ಮುರಿ.