ಮುನಿಯಣ್ಣನ ಹೊಲದ ತಂತಿ

ರಾತ್ರಿ ಹನ್ನೊಂದೂವರೆಗೆ ನೀಲಾಂಬಿಕಾ ಹಾಳು ಬಾವಿ ದಾಟಿದಳು. ದಾಟಬಾರದಿತ್ತು… ಬೊಮ್ಮಸಂದ್ರದಿಂದ ಬರುವ ಕಂಪನಿ ಬಸ್ಸು ದಿನಾ ಅವಳನ್ನು ವಠಾರದ ಮುಂದೆಯೇ ಇಳಿಸುತ್ತಿತ್ತು. ಅವತ್ತು ಒಳಚರಂಡಿಗೆಂದು ರಸ್ತೆ ಅಗೆದಿದ್ದರು. ಜೊತೆಯ ಹೆಂಗಸರೆಲ್ಲ ಸುತ್ತು ಹಾಕಿಕೊಂಡು ಹೊರಟರು. ಇವಳೊಬ್ಬಳು, ಗಂಡ ಹೊಲದಲ್ಲೇ ಇದ್ದಾನಲ್ಲ, ಕ್ಯಾಂಟೀನಿನ ಚಪಾತಿ ಕೊಟ್ಟೇ ಹೋಗೋಣ ಅಂತ ಕಾಲುದಾರಿ ಹಿಡಿದಳು.

ಇದು ಎಲ್ಲೋ ಕೇಳಿದ್ದಲ್ಲ. ಅವಳ ಗಂಡ ಬಸಲಿಂಗ ನಮ್ಮ ಪಕ್ಕದ ರೂಮಿನವನು. ಯಾದಗಿರಿ ಕಡೆಯವನು. ಸುಳ್ಳು ಹೇಳಲು ಹೋದರೆ ಕಿವಿ ಕೆಂಪಾಗಿ ತಾನೇ ಸಿಕ್ಕಿಬೀಳುವ ಆಸಾಮಿ.

ಎರಡು ಸಾವಿರದ ಒಂಬತ್ತು, ರಾಗಿ ತೆನೆ ಬಲಿಯುವ ಕಾಲ. ಫ್ಯಾಕ್ಟರಿಯಲ್ಲಿ ಬಸಲಿಂಗನನ್ನು ಕೆಲಸದಿಂದ ತೆಗೆದು ಎರಡು ತಿಂಗಳಾಗಿತ್ತು. ಆಗ ಊರಿನ ಮುನಿಯಣ್ಣ ಕರೆದು ಹೊಲ ಕಾಯುವ ಕೆಲಸ ಕೊಟ್ಟ. ಸುತ್ತಮುತ್ತ ಲೇಔಟ್ ಮಾಡುತ್ತೇವೆ ಅಂತ ಕಲ್ಲು ನೆಟ್ಟು ಬಿಟ್ಟುಹೋದ ಜಮೀನುಗಳಲ್ಲಿ ಲಂಟಾನ ಎದೆಯೆತ್ತರ ಬೆಳೆದಿತ್ತು. ಅದರೊಳಗೆ ಕಾಡುಹಂದಿಗಳು ಸಂಸಾರ ಹೂಡಿದ್ದವು.

"ನಮ್ಮಪ್ಪನ ಕಾಲ್ದಲ್ಲಿ ಈ ಊರಾಗೆ ಒಂದ್ ಅಂದಿ ಕಂಡೋರಿಲ್ಲ. ಎಲ್ಲಿಂದ್ಲೋ ಬಂದ್ವು, ಇಲ್ಲೇ ಮರಿ ಆಕ್ಕೊಂಡ್ವು," ಅಂದ ಮುನಿಯಣ್ಣ. ಆಮೇಲೆ ಬಸಲಿಂಗನ ಮುಖ ನೋಡಿ, "ನಿನ್ನ ಅಂದಿದ್ದಲ್ಲ ಕಣಪ್ಪ," ಅಂತ ಸೇರಿಸಿದ.

ಕಾಯುವುದೆಂದರೆ ಬರೀ ತಗಡು ಬಡಿಯುವುದಲ್ಲ. ಹೊಲದ ಸುತ್ತ ಸೊಂಟದವರೆಗೆ ಮೂರು ಸಾಲು ತಂತಿ. ಆ ತಂತಿಗೆ ಪಂಪ್‌ಹೌಸಿನಿಂದ ಕರೆಂಟು. ಕತ್ತಲಾದ ಮೇಲೆ ಮುನಿಯಣ್ಣ ಸ್ವಿಚ್ ಹಾಕಿ, ಪಂಪ್‌ಹೌಸಿಗೆ ಬೀಗ ಜಡಿದು ಮನೆಗೆ ಹೋಗುತ್ತಿದ್ದ. ತಂತಿಯೊಳಗೆ ಉಳಿದ ಬಸಲಿಂಗ ಬೆಳಗಾಗುವವರೆಗೆ ಒಳಗೇ. ಹಂದಿ ತಾಗಿದರೆ… ಚಟ್. ಒಂದೇ ಕಿರುಚು. ಆಮೇಲೆ ಸುಟ್ಟ ಕೂದಲಿನ ವಾಸನೆ. ಬೆಳಗ್ಗೆ ಮಾಂಸ ಊರಲ್ಲಿ ಪಾಲಾಗುತ್ತಿತ್ತು. ಹಾಗೆ ನಾಲ್ಕು ಹಂದಿ ಬಿದ್ದಿದ್ದವು.

"ಕರೆಂಟಿನ ವಿಷ್ಯ ಎಂಡ್ತಿ ಅತ್ರಾನೂ ಬಾಯ್ಬಿಡ್ಬೇಡ. ಗೊತ್ತಾದ್ರೆ ಪೊಲೀಸ್ನೋರು ಇಬ್ರುನ್ನೂ ಒಳಗಾಕ್ತಾರೆ," ಅಂದಿದ್ದ ಮುನಿಯಣ್ಣ.

ಬಸಲಿಂಗ ಬಾಯಿ ಬಿಡಲಿಲ್ಲ. ಇರುವ ಒಂದು ಕೆಲಸವೂ ಹೋದೀತೆಂಬ ಭಯ. ತಗಡು ಬಡಿಯುತ್ತೇನೆ ಅಂತಷ್ಟೇ ಹೆಂಡತಿಗೆ ಹೇಳಿದ್ದ.

ಆ ರಾತ್ರಿ ಎಂಟಕ್ಕೇ ಕರೆಂಟು ಹೋಯಿತು. ದೂರದ ಅಪಾರ್ಟ್‌ಮೆಂಟಿನ ಜನರೇಟರು ಡುರ್… ಅನ್ನುತ್ತಲೇ ಇತ್ತು. ಅಟ್ಟಣೆಯ ಮೇಲೆ ಕೂತ ಬಸಲಿಂಗನಿಗೆ ಜೋಂಪು ಹತ್ತಿತು. ಎಚ್ಚರವಾದದ್ದು ಒಂದು ಸಣ್ಣ ಸದ್ದಿಗೆ. ಕಿಣಿ… ಕಿಣಿ… ಊಟದ ಡಬ್ಬಿಯೊಳಗೆ ಚಮಚ ಅಲುಗಾಡುವ ಸದ್ದು. ಆರು ವರ್ಷದಿಂದ ಬಾಗಿಲಲ್ಲಿ ಕೇಳಿಸಿಕೊಂಡ ಸದ್ದು, ಗುರುತು ಸಿಗದೆ ಇರುತ್ತದೆಯೇ? ಬಾವಿಯ ಕಡೆಯಿಂದ ಬರುತ್ತಿತ್ತು.

ಅಷ್ಟರಲ್ಲಿ ಜನರೇಟರು ನಿಂತಿತು. ಪಂಪ್‌ಹೌಸಿನ ಬಲ್ಬು ಪಕ್ಕನೆ ಹತ್ತಿಕೊಂಡಿತು. ಕರೆಂಟು ಬಂದಿತ್ತು.

ಬಸಲಿಂಗ ಎದ್ದು ನಿಂತ. ಕೂಗಿದ… ಕೂಗು ಬರಲಿಲ್ಲ. ನಾಲ್ಕು ರಾತ್ರಿ ಹಂದಿಗಳ ಮೇಲೆ ಅರಚಿ ಅರಚಿ ಗಂಟಲು ಕಟ್ಟಿಹೋಗಿತ್ತು. ಹೊರಟದ್ದು ಬರೀ ಗಾಳಿ. ಇಬ್ಬರಿಗೂ ಇದ್ದದ್ದು ಒಂದೇ ಮೊಬೈಲು, ಅದು ಅವನ ಜೇಬಿನಲ್ಲೇ ಇತ್ತು. ತಗಡು ಬಡಿದ. ಹಂದಿ ಓಡಿಸುತ್ತಿದ್ದಾನೆ ಅಂದುಕೊಂಡಳು. ಟಾರ್ಚು ಬೀಸಿದ. ಅದೇ ತಪ್ಪಾಯಿತು. ಗಂಡ ದಾರಿ ತೋರಿಸುತ್ತಿದ್ದಾನೆ ಅಂತ ಅವಳು ನೇರ ಬೆಳಕಿನ ಕಡೆಗೇ ಬಿರಬಿರನೆ ಬರತೊಡಗಿದಳು. ಕಿಣಿಕಿಣಿಕಿಣಿ…

ಅಟ್ಟಣೆಯಿಂದ ಧುಮುಕಿ ಓಡಿದ. ರಾಗಿ ಕಾಲಿಗೆ ಸುತ್ತಿಕೊಂಡು ಎರಡು ಸಲ ಮುಗ್ಗರಿಸಿದ. ಅವಳು ತಂತಿಗೆ ಹತ್ತಿರ, ಇವನು ದೂರ. ಓಡುತ್ತಲೇ ಒಂದು ತೀರ್ಮಾನಕ್ಕೆ ಬಂದುಬಿಟ್ಟ. ಇತ್ತ ಹತ್ತಿರವಿದ್ದ ಮೂಲೆಯ ತಂತಿಯ ಮೇಲೆ ತಾನೇ ಬೀಳುವುದು. ಫ್ಯೂಸ್ ಹೋದರೆ ಅವಳು ಉಳಿಯುತ್ತಾಳೆ. ಆ ಹೊತ್ತಿನಲ್ಲಿ ನನಗೆ ಸಾವಿನ ಭಯ ಇರಲಿಲ್ಲ, ತಡವಾಗುತ್ತದೆ ಅನ್ನುವುದೊಂದೇ ಭಯ, ಅಂತ ಅವನೇ ಹೇಳಿದ್ದು.

ಮೂಲೆಗೆ ನಾಲ್ಕು ಹೆಜ್ಜೆ ಇತ್ತು.

"ನಿಂತ್ಕೊ ಮಗ… ಅಲ್ಲೇ ನಿಂತ್ಕೊ."

ಮುದುಕಿಯ ದನಿ. ಪಿಸುಮಾತೇ. ಆದರೆ ಕಿವಿಯ ಪಕ್ಕದಲ್ಲೇ ಆಡಿದ ಹಾಗೆ. ಬಸಲಿಂಗನ ಕಾಲು ನಿಂತಿತು. ಅತ್ತ ಚಮಚದ ಸದ್ದೂ ನಿಂತಿತು.

ಬದುವಿನ ಗುಂಟ ಒಳಗಿನಿಂದಲೇ ಓಡಿ ಅವಳ ಎದುರಿಗೆ ಬಂದ. ತಂತಿಯ ಆಚೆ ನೀಲಾಂಬಿಕಾ. ಒಂದು ಕೈಯಲ್ಲಿ ಡಬ್ಬಿ. ಇನ್ನೊಂದು ಕೈ ಪಕ್ಕಕ್ಕೆ ಚಾಚಿಕೊಂಡಿತ್ತು, ಯಾರೋ ಮಣಿಕಟ್ಟು ಹಿಡಿದಿರುವ ಹಾಗೆ. ಪಕ್ಕದಲ್ಲಿ ಯಾರೂ ಇರಲಿಲ್ಲ.

"ಮುಟ್ಟಬ್ಯಾಡ," ಅಂದ ಬಸಲಿಂಗ, ಇದ್ದಬದ್ದ ಗಂಟಲಲ್ಲಿ. "ತಂತ್ಯಾಗ ಕರೆಂಟ್ ಐತಿ."

"ಈ ಅಜ್ಜಿನೂ ಅದನ್ನ ಹೇಳಾಕತ್ಯಾಳ. ಕೈ ಬಿಡವಲ್ಲಳು."

"ಯಾವ ಅಜ್ಜಿ?"

ಅವಳು ಪಕ್ಕಕ್ಕೆ ತಿರುಗಿ ನೋಡಿದಳು. ಕೈ ತಾನಾಗಿ ಕೆಳಗಿಳಿಯಿತು.

"ಇಲ್ಲೇ ಇದ್ಲು," ಅಂದಳು ಮೆಲ್ಲಗೆ.

ಅಷ್ಟರಲ್ಲಿ ಕತ್ತಲೊಳಗೆ ಇನ್ನೊಂದು ಸದ್ದು ಶುರುವಾಯಿತು. ಸರಕ್… ಸರಕ್… ಸರಕ್… ನೆಲಕ್ಕೆ ತೀರ ಹತ್ತಿರ. ತಂತಿಯ ಗುಂಟ ದೂರ ಹೋಗುವುದು, ಹೊಲ ಸುತ್ತಿ ಮತ್ತೆ ಹತ್ತಿರ ಬರುವುದು. ಇಬ್ಬರೂ ಇದ್ದಲ್ಲಿಂದ ಕದಲಲಿಲ್ಲ. ನಡುವೆ ತಂತಿ, ಎದುರುಬದುರು ಕೂತರು.

"ನನಗ್ಯಾಕ ಹೇಳಲಿಲ್ಲ ನೀ?" ಅಂತ ಒಂದೇ ಸಲ ಕೇಳಿದಳು. ಬಸಲಿಂಗ ಮೊಣಕಾಲಿಗೆ ಮುಖವಿಟ್ಟು ಅತ್ತ. ಅವಳಿಗೆ ಅವನನ್ನು ಮುಟ್ಟಿ ಸಮಾಧಾನ ಮಾಡುವ ಹಾಗೂ ಇರಲಿಲ್ಲ. ಬೆಳಕು ಹರಿಯುವವರೆಗೆ ಹಾಗೇ ಕೂತಿದ್ದರು.

ಮುನಿಯಣ್ಣ ಬಂದು ಸ್ವಿಚ್ ತೆಗೆದ. ನೀಲಾಂಬಿಕಾ ನಡೆದದ್ದನ್ನು ಹೇಳಿದಳು. ಬೈಯುತ್ತಾನೆ, ಇಲ್ಲವೇ ನಗುತ್ತಾನೆ ಅಂತ ಬಸಲಿಂಗ ಅಂದುಕೊಂಡಿದ್ದ. ಎರಡೂ ಇಲ್ಲ. ಮುನಿಯಣ್ಣನ ಮುಖದಲ್ಲಿ ರಕ್ತವೇ ಇರಲಿಲ್ಲ.

"ಎಡಗೈಲಿ ಕುಡ್ಲು ಇತ್ತಾ, ತಾಯಿ?"

"ಇತ್ತು."

ಅಲ್ಲೇ ಬದುವಿನ ಮೇಲೆ ಕುಸಿದು ಕೂತ. "ಬೈರಮ್ಮ. ನಮ್ಮೂರ ಎಡಚಿ ಮುದ್ಕಿ," ಅಂದ. "ಓದ್ವರ್ಷ ದನಕ್ಕೆ ಉಲ್ಲು ಕುಯ್ಯಕ್ ಬಂದಿದ್ಲು. ಕರೆಂಟ್ ಇರ್ಲಿಲ್ಲ… ಕುಯ್ತಾ ಇದ್ದಂಗೇ ಬಂದ್ಬುಡ್ತು. ನಾನೇ ಒತ್ಕೊಂಡೋಗಿ ಬಾವಿತಾವ ಮಲಗಿಸ್ದೆ. ಎದೆ ನಿಂತೋಯ್ತು ಅಂತ ಊರಿಗೆಲ್ಲ ಏಳ್ದೆ." ಇಷ್ಟು ಹೇಳಿ ಎದ್ದು, ಬರಿಗೈಯಲ್ಲೇ ತಂತಿ ಕೀಳತೊಡಗಿದ. ಅಂಗೈ ಹರಿದು ರಕ್ತ ಸೋರಿದರೂ ನಿಲ್ಲಿಸಲಿಲ್ಲ.

ಬಸಲಿಂಗ ಆ ದಿನವೇ ಕೆಲಸ ಬಿಟ್ಟ. ಬೇಕಾದರೆ ಅವನನ್ನೇ ಕೇಳಿ, ಕಿವಿಯ ಮೇಲೆ ಕಣ್ಣಿಟ್ಟು ಕೇಳಿ. ಅಷ್ಟು ಬೇಡ, ವಿಷಯ ತಿಳಿದು ಬೆಳಗಿನ ಎಂಟರೊಳಗೆ ವಠಾರದವರೆಲ್ಲ ಅಲ್ಲಿಗೆ ಹೋಗಿದ್ದೆವು. ಎರಡು ಎಕರೆ ಹೊಲ. ಹಿಂದಿನ ಸಂಜೆ ತಂತಿಯ ಕೆಳಗೆ ಮೊಣಕಾಲುದ್ದ ಹುಲ್ಲಿತ್ತು. ಬೆಳಗ್ಗೆ ನಾಲ್ಕೂ ಬದುವಿನ ಹುಲ್ಲು ಬುಡಕ್ಕೆ ಸಮವಾಗಿ ಕೊಯ್ದಾಗಿತ್ತು. ಕೊಯ್ದ ಹುಲ್ಲು ಒಂದೆಳೆಯೂ ಅಲ್ಲಿ ಬಿದ್ದಿರಲಿಲ್ಲ.