ಹಜರಾಬಿಯ ದನಿ ಇದ್ದ ಕ್ಯಾಸೆಟ್

ಮಧ್ಯಾಹ್ನದ ಮಳೆಗೆ ದೇವರ ಹಿಪ್ಪರಗಿ ಬಸ್ಸು ಬರಲಿಲ್ಲ. ಸಿಂದಗಿ ಬಸ್‌ಸ್ಟ್ಯಾಂಡಿನ ಎದುರಿಗಿದ್ದ ಬಾಬುಲಾಲ ಕಾಕಾನ ರಿಪೇರಿ ಅಂಗಡಿಯಲ್ಲಿ ನಾನು, ಸುನಂದಾ ಟೀಚರು ನಿಂತೆವು. ಕರೆಂಟು ಹೋಗಿತ್ತು. ಮೇಲಿನ ಹಲಗೆಯ ಮೇಲೆ ಬಟ್ಟೆ ಸುತ್ತಿದ ಒಂದು ಕ್ಯಾಸೆಟ್. ಟೀಚರು ಕೈ ಚಾಚಿದರು.

“ಮುಟ್ಟಬ್ಯಾಡ್ರಿ ಅಕ್ಕಾರ!”

“ಯಾಕ, ಒಳಗ ದೆವ್ವ ಐತೇನ್ರಿ ಕಾಕಾ? ಹೇಳ್ರಿ, ಸಾಲಿ ಹುಡುಗರಿಗೆ ಕೇಳಸ್ತೇನಿ” ಎಂದು ನಕ್ಕು, ಟೀಚರು ಮೊಬೈಲಿನಲ್ಲಿ ರೆಕಾರ್ಡಿಂಗ್ ಒತ್ತಿದರು.

ಮುದುಕ ನಗಲಿಲ್ಲ.

“ಕೂಡ್ರಿ... ಮೂವತ್ತು ವರ್ಷದ ಹಿಂದ ಇದು ಕ್ಯಾಸೆಟ್ ಅಂಗಡಿ. ನಮ್ಮ ಓಣಿ ದಾವಲಮಲಿಕ ಪುಣೇಕ ಹೋಗಿ, ಬ್ಲೂಸ್ ಅನ್ನೋ ಸಂಕಟದ ಹಾಡು ಕಲ್ತು, ಅದಕ್ಕ ಸಿಡಿಲಿನಂಥ ಗಿಟಾರು ಕೂಡಿಸಿ, ನೂರು ಕ್ಯಾಸೆಟ್ ಮಾಡಿಸ್ಕೊಂಡು ಬಂದು ಮಾರಾಕ ನನ್ನ ಕಡೆ ಇಟ್ಟ. ಮಂದಿಗೆಲ್ಲಾ ಆಗ ಕೀಬೋರ್ಡಿನ ಡಿಸ್ಕೋ ಹುಚ್ಚು... ಇವನ್ನ ಯಾರು ಕೇಳ್ತಾರ? ಒಂದೂ ಹೋಗಲಿಲ್ಲ. ನಾ ಏನ ಮಾಡಿದೆ? ಹಾಡು ಅಳಿಸಬಾರದಂತ ಕ್ಯಾಸೆಟ್ಟಿನ ಹಿಂದ ಬಿಟ್ಟಿದ್ದ ತೂತಿಗೆ ಚಿಕಟಪಟ್ಟಿ ಅಂಟಿಸಿ, ಅವನ ಹಾಡು ಅಳಿಸಿ, ಡಿಸ್ಕೋ ತುಂಬಿ ಮಾರಿದೆ. ‘ಚಾಚಾ, ಒಂದರ ಉಳಸ್ರಿ, ನನ್ನ ಕಡೆ ಒಂದೂ ಇಲ್ಲ’ ಅಂದ. ಉಳಸ್ತೇನಿ ಅಂತ ಆಣಿ ಮಾಡಿದೆ. ಅವ ಸತ್ತ ವಾರದಾಗ... ಆ ಕಡೀ ಕ್ಯಾಸೆಟ್ಟಿಗೂ ಚಿಕಟಪಟ್ಟಿ ಅಂಟಿಸಿ, ನನ್ನ ಹೇಣ್ತಿ ಹಜರಾಬಿ ಹಾಡಿದ ಜೋಗುಳ ತುಂಬಿದೆ.

“ಅಕಿ ಹೋಗಿ ಏಳು ವರ್ಷ. ಅಕಿ ದನಿ ಅಂತ ಉಳಿದಿದ್ದು ಇದೊಂದ.”

“ನಮ್ಮವ್ವಂದೂ ಈ ಮೊಬೈಲಿನಾಗ ಮಾತ್ರ ಐತ್ರಿ ಕಾಕಾ” ಎಂದರು ಟೀಚರು ಮೆಲ್ಲಗೆ.

“ಅಕಿ ಹೋದ ಮ್ಯಾಲ ಮೊದಲ ಸಲ ಹಚ್ಚಿದಾಗ ಜೋಗುಳ ಪೂರಾ ಇತ್ತು, ತಳದಾಗ ಎಲ್ಲೋ ಒಂದು ತಂತಿ ಮಿಡಿದಂಗ... ಮುಂದಿನ ಸಲ ಕಡೀ ನುಡಿ ಇಲ್ಲ. ಅಲ್ಲಿ ಗಿಟಾರು! ಹಳೇ ಟೇಪು, ಕೆಟ್ಟಿರಬೇಕು ಅಂತೀರೇನು? ಕೆಟ್ಟ ಟೇಪು ಗುರ್ ಅಂತೈತಿ, ಅಳಂಗಿಲ್ಲ. ಕೇಳಿದಷ್ಟೂ ಅಕಿ ಸವದಳು, ಅವ ಬೆಳದ. ಉಳಿದಷ್ಟರ ಉಳೀಲಿ ಅಂತ ಮಗ ಸರ್ಫರಾಜ ಮೊಬೈಲಿಗೆ ತುಂಬಿಕೊಂಡ... ಮರುದಿನ ಅದರಾಗಿದ್ದ ಅವನ ಕೂಸಿನ ತೊದಲ ಮಾತೂ ಇಲ್ಲ. ಬರೇ ಗಿಟಾರು.

“ಹಾಡೂಕಿಂತ ಮೊದಲ ಅಕಿ ‘ಚಾಲೂ ಮಾಡೀರೇನು?’ ಅಂತ ಕೇಳಿದ್ದಳು. ಈಗ ಅದೊಂದ ಮಾತು ಉಳದೈತಿ. ಕೇಳಬೇಕಂತ ಜೀವ ಬಡಕೋತೈತಿ... ಕೇಳಿದ್ರ ಅದೂ ಹೋಗ್ತೈತಿ.”

ಮಳೆಯ ಸದ್ದಿನ ನಡುವೆ ಎಲ್ಲೋ ಒಂದು ತಂತಿ ಮಿಡಿಯಿತು. ನಾವು ಹಲಗೆ ನೋಡಿದೆವು. ಕಾಕಾ ಮಾತ್ರ ಟೀಚರ ಕೈ ನೋಡುತ್ತಿದ್ದ.

“ಅಕ್ಕಾರ... ಆ ಮೊಬೈಲಿನ ರೆಕಾರ್ಡಿಂಗ್ ಇನ್ನೂ ಚಾಲೂ ಐತೇನು? ನಿಮ್ಮವ್ವನ ದನಿ... ಇವತ್ತ ಕೇಳ್ಕೊಂಡ ಬಿಡ್ರಿ.”