ಬೋರ್ಡಿನ ಮೇಲಿನ ಲೇತು

೧೯೮೩ರ ಶ್ರಾವಣ. ಹೊನ್ನಾಳಿ ಬಸ್ ನಿಲ್ದಾಣದಲ್ಲಿ ನಾನು ನ್ಯಾಮತಿ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ಟೆಕ್ನಿಕಲ್ ಹೈಸ್ಕೂಲಿನ ಉಚ್ಚಂಗೆಪ್ಪ ಮೇಷ್ಟ್ರು ಕೂತಿದ್ದರು. ಅವರ ಹಳೆಯ ವಿದ್ಯಾರ್ಥಿ ಬೈಲಪ್ಪ ಎದುರಿಗೆ ನಿಂತೇ ಮಾತಾಡುತ್ತಿದ್ದ.

"ಸ್ಕೂಲು ಹೆಂಗೈತೆ ಸಾರ್?"

"ಹದಿನೈದು ವರ್ಷ ಆತು ನೋಡು. ಬಾಡಿಗೆ ಗೋದಾಮಿನಾಗೆ ಗರಗಸ, ಸುತ್ತಿಗೆ ಇಟ್ಕೊಂಡು ಶುರು ಮಾಡಿದ್ವಿ. ಈಗ ಸ್ವಂತ ಕಟ್ಟಡ ಐತೆ."

"ಕಬ್ಬಿಣ ಕಡೆಯೋ ಲೇತ್ ಮಿಷಿನ್ ನಮ್ಮ ಕಾಲಕ್ಕೇ ಬಂದಿತ್ತಲ್ಲ."

"ಎಪ್ಪತ್ತೆರಡರಾಗೆ ಬಂತು. ಓಡಿಸಾಕೆ ಕರೆಂಟ್ ಎಲ್ಲಿತ್ತು? ಒಂಬತ್ತು ವರ್ಷ ಗೋಣಿಚೀಲ ಹೊದಿಸಿ ಇಟ್ಟಿದ್ವಿ."

"ನೀವು ಬೋರ್ಡ್ ಮೇಲೆ ಚಿತ್ರ ಬರೆದೇ ಕಲಿಸಿದ್ರಿ."

"ಹಂಗೆ ಕಲಿತೇ ಎಲ್ಲಾರೂ ಪಾಸಾದ್ರಿ."

"ಪಾಸಾದ್ವಿ. ಹರಿಹರದಾಗೆ ಕೆಲಸಕ್ಕೆ ಸೇರಿದ ದಿನ ಲೇತಿನ ಒಂದೊಂದು ಭಾಗದ ಹೆಸರೂ ಹೇಳ್ದೆ ಸಾರ್. ಸರಿ, ಚಾಲೂ ಮಾಡು ಅಂದ್ರು. ಸ್ವಿಚ್ ಎಲ್ಲೈತೆ ಅಂತ ಗೊತ್ತಾಗಲಿಲ್ಲ."

ಮೇಷ್ಟ್ರು ನಗಲಿಲ್ಲ.

"ಚಿತ್ರದಾಗೆ ನಾನು ಸ್ವಿಚ್ ಬರೀತಿರಲಿಲ್ಲ."

"ಈಗ ಕರೆಂಟ್ ಬಂದೈತಂತಲ್ಲ?"

"ಎರಡು ವರ್ಷ ಆತು."

"ಹುಡುಗ್ರು ಲೇತ್ ಓಡಿಸ್ತಾರಾ ಸಾರ್?"

"ಇನ್ನೂ ಬೋರ್ಡ್ ಮೇಲೇ ಕಲಿಸ್ತೀನಿ."

ಯಾಕೆ ಎಂದು ಬೈಲಪ್ಪ ಕೇಳಲಿಲ್ಲ. ಅಷ್ಟರಲ್ಲಿ ಸಾಸ್ವೆಹಳ್ಳಿ ಬಸ್ಸು ಬಂತು. ಮೇಷ್ಟ್ರು ಎದ್ದು ಪಂಚೆ ಸರಿಮಾಡಿಕೊಂಡರು.

"ನಿನಗೆ ರಜೆ ಎಲ್ಲೀತನಕ ಐತೆ?"

"ಸೋಮವಾರದ ತನಕ ಸಾರ್."

"ಭಾನುವಾರ ಸ್ಕೂಲಿಗೆ ಬಾ. ಅದನ್ನ ಓಡಿಸಾದು ಹೆಂಗೆ ಅಂತ ನನಗೆ ಹೇಳಿಕೊಡು. ಅವತ್ತು ಹುಡುಗ್ರು ಇರಲ್ಲ."

ಬೈಲಪ್ಪ ಅವರ ಕೈಚೀಲ ಇಸಿದುಕೊಂಡು, ಅವರನ್ನು ಮೊದಲು ಹತ್ತಿಸಿ, ತಾನು ಹಿಂದೆ ಹತ್ತಿದ.